ನಿನ್ನ ಹೆಸರಿನಲ್ಲಿ ಊದಿದ ಉಸಿರು

ಸುಧಾಕರ, ಹನ್ನೆರಡು ವರ್ಷದಿಂದ ನೀನು ಜೋಪಾನ ಮಾಡಿರುವ ಚೀಟಿಯಲ್ಲಿ ‘ಓಟದ ನಂತರ: ಆರುನೂರ ಇಪ್ಪತ್ತು’ ಎಂದಿದೆಯಲ್ಲ, ಅದು ನಿನ್ನ ಉಸಿರಲ್ಲ. ನನ್ನದು. ನಿನ್ನ ಹೆಸರಿನಲ್ಲಿ ನಾನು ಊದಿದ್ದು.

ಬರೆದಾಯಿತು. ಇನ್ನು ಪೂರ್ತಿ ಹೇಳುತ್ತೇನೆ.

ಬೀಜಾಡಿಯಿಂದ ಕೋಡಿ ಕನ್ಯಾಣದವರೆಗೆ ಮರಳಿನ ಮೇಲೆ ಓಡಿ, ಅದೇ ದಾರಿಯಲ್ಲಿ ವಾಪಸು ಬಂದ ದಿನ ಅದು. ಮುಂದಿನ ತಿಂಗಳ ಜೋಡಿ ಓಟಕ್ಕೆ ನಮ್ಮ ಕೊನೆಯ ತಾಲೀಮು. ನಾವುಂದದ ಮೀನುಗಾರರ ಮನೆಯ ನೀನು, ಸಾಲಿಗ್ರಾಮದ ಕಡೆಯ ದೇವಸ್ಥಾನದ ಚಾಕರಿಯವರ ಮನೆಯ ನಾನು. ಒಬ್ಬ ತಪ್ಪಿದರೆ ಇನ್ನೊಬ್ಬನೂ ಓಡುವಂತಿರಲಿಲ್ಲ. ಕ್ಲಬ್ಬಿನವರು ಕರೆಸಿದ್ದ ಡಾಕ್ಟರು ಪ್ಲಾಸ್ಟಿಕ್ ಕೊಳವೆಯೊಂದನ್ನು ತಂದಿದ್ದರು. ಊದಿದರೆ ಮುಳ್ಳು ಮೇಲೇರಿ ಅಲ್ಲೇ ನಿಲ್ಲುತ್ತದೆ. “ಮೈಮೀರಿ ಓಡಿದ ಮೇಲೆ ಕೆಲವರ ಉಸಿರ್ನಾಳ ಬಿಗಿಯುತ್ತದೆ. ಮುಖ ನೋಡಿದರೆ ತಿಳಿಯುವುದಿಲ್ಲ, ಊದಿದರೆ ತಿಳಿಯುತ್ತದೆ. ಮುಳ್ಳು ಇಳಿದವರು ತಪಾಸಣೆ ಆಗುವವರೆಗೆ ಓಡಬಾರದು” ಎಂದಿದ್ದರು.

ಬೆಳಿಗ್ಗೆ ಆರುನೂರು ಊದಿದ್ದ ನೀನು ಓಡಿ ಬಂದು ಊದಿದಾಗ ಮುಳ್ಳು ಮುನ್ನೂರ ನಲವತ್ತರಲ್ಲಿ ನಿಂತಿತು. ಉಸಿರು ಬಿಡಲಾಗದೆ ನೀನು ಕಣ್ಣು ಮುಚ್ಚಿ, ಮೊಣಕಾಲಿಗೆ ಕೈ ಊರಿ ಬಾಗಿದ್ದೆ. “ಉಸ್ರ್ ಬಿಡುಕೇ ಎಡುದಿಲ್ಲ ಮಾರಾಯ... ಎಷ್ಟ್ ಬಂತ್?” ಎಂದೆ. ಡಾಕ್ಟರು ಆ ಕಡೆ ಯಾರದೋ ಕಿತ್ತುಹೋದ ಉಗುರಿಗೆ ಪಟ್ಟಿ ಕಟ್ಟುತ್ತಿದ್ದರು. ನಾನು ಮುಳ್ಳನ್ನು ಕೆಳಗೆ ಎಳೆದೆ. ಊದಿದೆ. ಚಿಕ್ಕಂದಿನಿಂದ ಪೂಜೆಗೆ ಶಂಖ ಊದಿದ ಎದೆ ನನ್ನದು, ಎಷ್ಟು ಓಡಿದರೂ ಒಂದು ಊದು ಉಳಿದೇ ಇರುತ್ತದೆ. ನಿನ್ನ ಹೆಸರು ಹೇಳಿ ಸಂಖ್ಯೆ ಕೂಗಿದೆ, ಕ್ಲಬ್ಬಿನವರು ಅದನ್ನೇ ನಿನ್ನ ಚೀಟಿಯಲ್ಲಿ ಬರೆದರು.

“ಲಾಯ್ಕ್ ಬಂದಿತ್ತ್” ಎಂದೆ ನಿನಗೆ. ನೀನು ಬಾಗಿದ್ದಲ್ಲೇ ನಕ್ಕೆ.

ಸ್ನೇಹಕ್ಕಾಗಿ ಮಾಡಿದೆ ಎಂದು ಬಹಳ ಕಾಲ ನನಗೆ ನಾನೇ ಮಂಕುಬೂದಿ ಎರಚಿಕೊಂಡೆ. ಅಲ್ಲ. ನಿನ್ನನ್ನು ತಡೆದರೆ ನನ್ನ ಓಟವೂ ನಿಲ್ಲುತ್ತಿತ್ತು — ಅಷ್ಟೇ.

ಜೋಡಿ ಓಟದ ದಿನ ಉಪ್ಪುಂದ ದಾಟುವಾಗ ನಿನ್ನ ಎದೆಯ ಸಿಳ್ಳು ನನಗೆ ಕೇಳಿಸುತ್ತಿತ್ತು. ಕೇಳಿಸಿಯೂ “ಬಾ, ಬಾ” ಎಂದೆ. ನೀನು ಬಿದ್ದೆ. ತುಟಿ ನೀಲಿಯಾಗಿತ್ತು.

ಆಸ್ಪತ್ರೆ ಮುಟ್ಟುವಷ್ಟರಲ್ಲಿ ಸಿಳ್ಳು ಇಳಿದಿತ್ತು. ನಿನ್ನ ಅಕ್ಕ ಚೀಲದಿಂದ ಆ ಚೀಟಿ ತೆಗೆದು ಅಲ್ಲಿನ ಡಾಕ್ಟರಿಗೆ ಕೊಟ್ಟರು. ಅವರು ಓದಿ, “ಓಡಿದ ಮೇಲೂ ಇಷ್ಟು ಊದಿದ್ದಾನೆ, ಶ್ವಾಸಕೋಶ ಗಟ್ಟಿ ಇದೆ. ಹೃದಯ ನೋಡೋಣ” ಎಂದರು. ನಾನು ಮಂಚದ ಕಬ್ಬಿಣ ಹಿಡಿದು ನಿಂತಿದ್ದೆ. ಬಾಯಿ ತೆರೆದರೆ ಮುಗಿಯುತ್ತಿತ್ತು. ನಿನ್ನ ಅಕ್ಕನ ಮುಖ ನೋಡಿದೆ, ಹೆದರಿದೆ — ತೆರೆಯಲಿಲ್ಲ. ಎರಡು ವರ್ಷ ನೀನು, ಇಲ್ಲದ ಹೃದಯದ ರೋಗಕ್ಕೆ ಮಾತ್ರೆ ನುಂಗಿದೆ. ಓಟ ಬಿಟ್ಟೆ, ದೋಣಿ ಹತ್ತುವುದನ್ನೂ ಬಿಟ್ಟೆ, ಮುಂಬೈಯ ಹೋಟೆಲಿನಲ್ಲಿ ಕೂತು ಮಾಡುವ ಕೆಲಸ ಹುಡುಕಿಕೊಂಡೆ. ನಿನಗಿರುವುದು ಉಬ್ಬಸ ಎಂದು ಅಲ್ಲಿನ ಡಾಕ್ಟರು ಕಂಡುಹಿಡಿದು, ಬಾಯಿಂದ ಔಷಧಿ ಎಳೆದುಕೊಳ್ಳುವ ಪಂಪು ಕೊಟ್ಟರು. ಆಗಲೂ ನಾನು ಸುಮ್ಮನಿದ್ದೆ.

ನಿನ್ನೆ ನೀನು ಊರಿಗೆ ಬಂದವನು ಬೆನ್ನು ತಟ್ಟಿ ಹೇಳಿದೆ: “ಹ್ವಾಯ್, ಆ ದಿನ ಯಾವ್ ಮದ್ದೂ ಇಲ್ದೆ ಆರ್ನೂರ್ ಇಪ್ಪತ್ತ್ ಊದಿದ್ದೆ ನಾನ್! ಈಗ ಈ ಪಂಪ್ ಎಂತಕ್ಕೆ? ಆಯ್ತವಾರ ಮರವಂತೆ ತನಕ ಓಡ್ತೆ, ಇದನ್ನ್ ಮನೆಯೊಳ್ಗೇ ಇಟ್ಟ್ ಹೋತೆ ಕಾಣ್.”

ನಾನು ನಕ್ಕೆ ಸುಧಾಕರ. ಹಾಳಾದವನು, ನಿನ್ನೆಯೂ ನಕ್ಕೆ.

ರಾತ್ರಿಯಿಡೀ ಕಣ್ಣೆದುರು ನಿನ್ನ ನೀಲಿ ತುಟಿ. ಇಂದು ಶುಕ್ರವಾರ, ನೀನು ಓಡುವ ಭಾನುವಾರಕ್ಕೆ ಎರಡೇ ದಿನ. ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ, ನಾನೇ ತಂದು ಕೊಟ್ಟು, ನೀನು ಓದಿ ಮುಗಿಸುವವರೆಗೆ ನಿನ್ನ ಎದುರಿಗೇ ನಿಲ್ಲುತ್ತೇನೆ. ಹೊಡೆದರೆ ಹೊಡೆ. ಇನ್ನೆಂದೂ ಮುಖ ತೋರಿಸಬೇಡ ಎಂದರೆ ಹೋಗುತ್ತೇನೆ. ನಿನ್ನ ಅಕ್ಕನಿಗೂ ನಾನೇ ಹೇಳುತ್ತೇನೆ.

ಅಂದು ನೀನು ಊದಿದ್ದು ಮುನ್ನೂರ ನಲವತ್ತು. ಅದನ್ನು ಕಂಡವನು ನಾನೊಬ್ಬನೇ.