ನೇಪಾಳ ನೋಡಿಬಂದ ಕರ್ಚೀಫು

ಬೆಟ್ಟಗುಡ್ಡಗಳ ಪರದೇಶದಲ್ಲಿ ದಿನಗಟ್ಟಲೆ ಬಸ್ಸಿನಲ್ಲಿ ಓಡಾಡುವವರಿಗೆ ಕೆಲವು ಕಿವಿಮಾತು ಹೇಳಬೇಕೆಂದಿದ್ದೇನೆ. ನಾನು ಅಂಥ ದೇಶಕ್ಕೆ ಹೋದವಳಲ್ಲ. ಮದ್ದೂರಿನಲ್ಲಿ ಬಸ್ಸು ಹತ್ತಿ, ಮಳವಳ್ಳಿಯಲ್ಲಿ ಇಳಿದು, ಹೈಸ್ಕೂಲು ಮಕ್ಕಳಿಗೆ ಸಂಧಿ ಸಮಾಸ ಹೇಳಿಕೊಟ್ಟು, ಸಂಜೆ ಅದೇ ದಾರಿಯಲ್ಲಿ ವಾಪಸ್ಸು ಬರುವವಳು. ನಮ್ಮ ದಾರಿಯಲ್ಲಿ ಎತ್ತರವೆಂದರೆ ರಸ್ತೆಯ ಉಬ್ಬುಗಳು, ಸಾಹಸವೆಂದರೆ ಅಡ್ಡ ಬಂದ ಕಬ್ಬಿನ ಗಾಡಿ. ಆದರೂ ನೇಪಾಳದ ಮುಕ್ತಿನಾಥದ ರಸ್ತೆಯ ತಿರುವುಗಳೆಲ್ಲ ನನಗೆ ಬಾಯಿಪಾಠ. ಹಿಂದಿನ ಸೀಟಿನಲ್ಲಿ ಕೂತು, ಮುಖವನ್ನು ಕಿಟಕಿಗೆ ತಿರುಗಿಸಿ, ಕಿವಿಯನ್ನು ಮುಂದಕ್ಕೆ ಬಿಟ್ಟು ಕಲಿತದ್ದು.

ಮುಂದಿನ ಸೀಟಿನಲ್ಲಿ ಕೂತು ಹೇಳುತ್ತಿದ್ದವಳು ಪುಟ್ಟಲಕ್ಷ್ಮಿ. ಮಳವಳ್ಳಿಯ ಒಂದು ಕಚೇರಿಯಲ್ಲಿ ಗುಮಾಸ್ತೆ. ಹದಿನೆಂಟು ವರ್ಷ ನಾವಿಬ್ಬರೂ ಅದೇ ಬಸ್ಸಿನಲ್ಲಿ ಅಕ್ಕಪಕ್ಕ ಕೂತು ಹೋದವರು. ಸೀಟು ಹಿಡಿಯುವ ವಿದ್ಯೆ ನಿಮಗೂ ಗೊತ್ತಿರಬೇಕು: ಬಸ್ಸು ಸ್ಟ್ಯಾಂಡಿನೊಳಕ್ಕೆ ತಿರುಗುತ್ತಿದ್ದಂತೆ ಅದರ ಜೊತೆಗೇ ಓಡಿ, ಕಿಟಕಿಯಿಂದ ಕರ್ಚೀಫು ಎಸೆಯಬೇಕು. ಅದು ಬಿದ್ದ ಸೀಟು ನಮ್ಮದು. ಹೆಂಗಸರಿಗೆ ಟಿಕೆಟ್ಟು ಪುಕ್ಕಟೆಯಾದ ಮೇಲಂತೂ ಈ ವಿದ್ಯೆ ಬಾರದವರು ಕಂಬಿ ಹಿಡಿದು ನೇತಾಡಿಕೊಂಡೇ ಹೋಗಬೇಕು. ನಮ್ಮಲ್ಲಿ ಯಾರು ಮೊದಲು ಬಂದರೂ ಎರಡು ಕರ್ಚೀಫು ಹಾಕುವುದು ಪದ್ಧತಿ. ಅದಕ್ಕೇ ನನ್ನದೊಂದು ಹಳದಿ ಕರ್ಚೀಫು ಸದಾ ಅವಳ ಚೀಲದಲ್ಲಿ, ಅವಳದೊಂದು ನೀಲಿಯದು ನನ್ನ ಚೀಲದಲ್ಲಿ.

ಈ ಬೇಸಿಗೆಗೆ ಮುಂಚೆ ಒಂದು ದಿನ ಅವಳು, "ಲೇ, ಅಕ್ಕ-ಬಾವನ ಜೊತೆ ನೇಪಾಳಕ್ಕೆ ಓಯ್ತಾ ಇವ್ನಿ ಕಣೇ. ಬೆಟ್ಟದ ಮ್ಯಾಲೆಲ್ಲ ಬಸ್ಸಲ್ಲೇ. ನಿಂಗೂ ಇಸ್ಕೂಲ್ ರಜ ಅಲ್ವಾ, ಬತ್ತೀಯಾ?" ಎಂದಳು. ನನ್ನ ಮನಸ್ಸು ಆಗಲೇ ಬಟ್ಟೆ ಜೋಡಿಸತೊಡಗಿತ್ತು. ಬಾಯಿ ಮಾತ್ರ "ಅಯ್ಯೋ ಬ್ಯಾಡ ಬುಡೇ, ನಂಗ್ಯಾಕೆ ಅವೆಲ್ಲ" ಎಂದಿತು. ತಪ್ಪು ತಿಳಿಯಬೇಡಿ, ಅದು ನಮ್ಮ ಕಡೆಯ ಮರ್ಯಾದೆ. ಯಾರ ಮನೆಗೆ ಹೋದರೂ ಕಾಫಿ ಎಂದ ತಕ್ಷಣ "ಬ್ಯಾಡ, ಈಗ್ತಾನೇ ಆಯ್ತು" ಅನ್ನಬೇಕು. ಅವರು "ಸುಮ್ನೆ ಕುಡಿ ಕಣಮ್ಮ" ಎಂದು ಗದರಬೇಕು. ಆಮೇಲೆ ಅವರ ಬಲವಂತಕ್ಕೆ ಎನ್ನುವ ಹಾಗೆ ಲೋಟ ಖಾಲಿ ಮಾಡಬೇಕು. ಮೊದಲ ಸಲವೇ ಹೂಂ ಎಂದವಳು ಆಸೆಬುರುಕಿ. ನಾನು ಎರಡನೆಯ ಸಲ ಕರೆಯಲೆಂದು ಕಾದೆ. ಪುಟ್ಟಲಕ್ಷ್ಮಿ "ಆಯ್ತು ಬುಡು" ಎಂದವಳೇ ಕಡಲೆಕಾಯಿ ಸುಲಿಯತೊಡಗಿದಳು. ಮರುದಿನ ಕಾದೆ, ವಾರವಿಡೀ ಕಾದೆ. ಅವಳು ಕೊಂಡ ಸ್ವೆಟರಿನ ಬಣ್ಣ ತಿಳಿಯಿತು, ಹೊರಡುವ ದಿನ ತಿಳಿಯಿತು, ಎರಡನೆಯ ಕರೆ ಮಾತ್ರ ಬರಲೇ ಇಲ್ಲ.

ಜೂನಿನಲ್ಲಿ ಸ್ಕೂಲು ಶುರುವಾದ ದಿನ ನಾನೇ ಮೊದಲು ಬಂದೆ. ಹೇಳಲು ನಾಚಿಕೆ, ಒಂದೇ ಕರ್ಚೀಫು ಹಾಕಿದೆ. ನನ್ನ ಪಕ್ಕದಲ್ಲಿ ವೈದ್ಯನಾಥಪುರದ ಅಜ್ಜಿಯೊಬ್ಬರು ಸೊಪ್ಪಿನ ಗಂಟಿನೊಂದಿಗೆ ಕೂತರು. ಪುಟ್ಟಲಕ್ಷ್ಮಿ ಹತ್ತಿದಳು, ಸೀಟು ನೋಡಿದಳು, ನನ್ನನ್ನು ನೋಡಿದಳು. ಕಂಬಿ ಹಿಡಿದು ಮಳವಳ್ಳಿಯವರೆಗೂ ನಿಂತೇ ಬಂದಳು. ಮರುದಿನದಿಂದ ಅವಳು ಮುಂದಿನ ಸೀಟು, ನಾನು ಹಿಂದಿನ ಸೀಟು. ಹದಿನೆಂಟು ವರ್ಷದ ಸ್ನೇಹ ಒಂದು ಅಂಗೈಯಗಲದ ಬಟ್ಟೆಯಿಂದ ಎರಡಾಯಿತು.

ಅವಳಿಗೇನು, ಕೇಳುವವರಿಗೆ ಬರವೇ? ಬಸ್ಸಿನ ಹೆಂಗಸರೆಲ್ಲ ಬಾಯಿ ಬಿಟ್ಟು ಕೇಳುತ್ತಿದ್ದರು. ಬೆಟ್ಟದ ಬಸ್ಸಿನಲ್ಲಿ ಹಿಂದಿನ ಚಕ್ರದ ಮೇಲೆ ಕೂರಬಾರದಂತೆ, ನಡುವಿನ ಸೀಟಿಗೆ ಕುಲುಕಾಟ ಕಡಿಮೆಯಂತೆ. ಪುಕ್ಕಲರು ಕಣಿವೆಯ ಕಡೆ ಬಿಟ್ಟು ಬಂಡೆಯ ಕಡೆ ಕೂರಬೇಕಂತೆ. ತಾನು ಕಣಿವೆಯ ಕಡೆಯೇ ಕೂತಳಂತೆ! ನಮ್ಮ ಬಸ್ಸು ಒಂದು ಕಬ್ಬಿನ ಲಾರಿಯನ್ನು ಹಿಂದೆ ಹಾಕಿದರೆ ಕಣ್ಣು ಮುಚ್ಚಿ ನನ್ನ ಕೈ ಹಿಡಿಯುತ್ತಿದ್ದವಳು. ಸ್ವೆಟರನ್ನು ಬಸ್ಸಿನ ನೆತ್ತಿಯ ಮೇಲಿನ ಬ್ಯಾಗಿನಲ್ಲಿ ಇಡಬಾರದು, ಚಳಿಯಾದಾಗ ಕೈಗೆ ಸಿಗುವುದಿಲ್ಲ. ಬಸ್ಸು ನಿಂತಾಗಲೆಲ್ಲ, ಬೇಕಿರಲಿ ಬೇಡದಿರಲಿ, ಇಳಿದು ಮೂತ್ರಕ್ಕೆ ಹೋಗಿಬರಬೇಕು. ಗುಡ್ಡ ಕುಸಿದರೆ ಮುಂದೆ ಎಲ್ಲಿ ನಿಲ್ಲುತ್ತದೋ ದೇವರೇ ಬಲ್ಲ. "ಎಷ್ಟು ಗಂಟೆ ದಾರಿ ಅಂತ ಕೇಳ್ಬಾರ್ದು ಕಣ್ರಮ್ಮ, ಎಷ್ಟು ಊಟದ ದಾರಿ ಅಂತ ಕೇಳ್ಬೇಕು" ಎಂದು ಅವಳು ಅಂದಾಗ ಬಸ್ಸಿಗೆ ಬಸ್ಸೇ ಹೌದೌದೆಂದಿತು. ಅಂಥ ಮಾತು ನನಗೆ ಹೊಳೆಯಬೇಕಿತ್ತು. ಕನ್ನಡ ಎಂ.ಎ. ಮಾಡಿದವಳು ನಾನು!

ಇನ್ನು ಹೊಟ್ಟೆಯ ವಿಚಾರ. ಬೆಟ್ಟ ಹತ್ತುವ ಮುಂಚೆ ಹೊಟ್ಟೆ ಬಿರಿಯ ತಿನ್ನಬಾರದು, ಬರೀ ಹೊಟ್ಟೆಯಲ್ಲೂ ಇರಬಾರದು, ನಿಂಬೆಹಣ್ಣು ಮೂಸುತ್ತಿರಬೇಕು. ಸಂಸ್ಕೃತದ ಅಸೂಯೆ, ಮತ್ಸರಗಳು ಮೈಯಲ್ಲಿ ಎಲ್ಲಿ ವಾಸವಾಗಿವೆಯೋ ಹೆಸರಿನಿಂದ ಗೊತ್ತಾಗುವುದಿಲ್ಲ. ಕನ್ನಡ ಮಾತ್ರ ವಿಳಾಸ ಸಮೇತ ಹೇಳುತ್ತದೆ. ಹೊಟ್ಟೆಯ ಕಿಚ್ಚು ಹೊಟ್ಟೆಕಿಚ್ಚು, ತತ್ಪುರುಷ ಸಮಾಸ ಎಂದು ವರ್ಷ ವರ್ಷವೂ ಬೋರ್ಡಿನ ಮೇಲೆ ಬರೆದಿದ್ದೇನೆ. ಉದಾಹರಣೆ ನನ್ನೊಳಗೇ ಸಿಕ್ಕಿದ್ದು ಈಗ. ಗುಟ್ಟಾಗಿ ನಿಂಬೆಹಣ್ಣನ್ನೂ ಮೂಸಿ ನೋಡಿದೆ, ಇಳಿಯಲಿಲ್ಲ. ಕೊನೆಗೆ ನನ್ನ ಹಳದಿ ಕರ್ಚೀಫಿನ ಮೇಲೂ ಉರಿದುಕೊಂಡೆ. ಅವಳ ಚೀಲದಲ್ಲಿ ಮುದುರಿಕೊಂಡೇ ಅದು ಹಿಮಾಲಯ ನೋಡಿಬಂದಿತ್ತಲ್ಲ!

ಮೊನ್ನೆ ಸಂಜೆ ಮಳವಳ್ಳಿ ಸ್ಟ್ಯಾಂಡಿಗೆ ತಡವಾಗಿ ಬಂದೆ. ಬಸ್ಸು ತುಂಬಿತ್ತು. ಖಾಲಿಯಿದ್ದದ್ದು ಪುಟ್ಟಲಕ್ಷ್ಮಿಯ ಪಕ್ಕದ ಸೀಟೊಂದೇ, ಅದರ ಮೇಲೆ ನನ್ನ ಹಳದಿ ಕರ್ಚೀಫು.

"ಬಾರೇ, ಕೂತ್ಕೋ" ಎಂದಳು.

"ಬ್ಯಾಡ ಬುಡು, ನಿಂತ್ಕತೀನಿ" ಎಂದೆ, ಅಭ್ಯಾಸಬಲ.

"ಸುಮ್ನೆ ಕೂತ್ಕಳೇ, ಕಂಡಿದೀನಿ ನಿನ್ನ!" ಎಂದು ಗದರಿದಳು. ಕೂತೆ. ಕೆ.ಎಂ. ದೊಡ್ಡಿ ದಾಟಿತು. ಆಮೇಲೆ ಅವಳೇ ಶುರು ಮಾಡಿದಳು.

"ಪೋಖರಾ ಅನ್ನೋ ಊರಲ್ಲಿ ಮುಕ್ತಿನಾಥದ ಬಸ್ಸು ನಿಂತಿತ್ತು, ಅಕ್ಕ-ಬಾವ ಮುಂದ್ಗಡೆ ಜೋಡಿ ಸೀಟಲ್ಲಿ ಕೂತ್ಕಂಡ್ರು. ನಾನು ಕಿಟಕೀಲಿ ಕರ್ಚೀಪು ಆಕ್ದೆ. ಒಳಗಿದ್ದ ಪುಣ್ಯಾತ್ಮ ಒಬ್ಬ, ಪಾಪ ಬೀಳಿಸ್ಕಂಡವ್ಳೆ ಅನ್ಕಂಡು, ನೀಟಾಗಿ ಮಡ್ಚಿ, ಕೆಳಗಿಳ್ದು ಬಂದು ಕೈ ಮುಗ್ದು ಕೊಟ್ಟ. ಇನ್ನೊಂದ್ ಸಲ ಆಕ್ದೆ. ಇನ್ನೊಂದ್ ಸಲ ತಂದ್ಕೊಟ್ಟ. ಮೂರ್ನೇ ಸಲಕ್ಕೆ ಡ್ರೈವರ್ರೇ ನಕ್ಕಂಡು ಅಲ್ಲೇ ಕೂರ್ಸ್ದ. ನೋಡ್ತೀನಿ, ಆ ಸಲ ಆಕಿರೋದು ಎರಡು ಕರ್ಚೀಪು! ಒಂದು ನಂದು, ಒಂದು ನಿಂದು. ಕೈಗೆ ಅದೇ ಅಬ್ಯಾಸ ಕಣೇ. ತೆಗೆಯಾಕೆ ಮನಸು ಬರ್ನಿಲ್ಲ. ಯಾರ್ ಬಂದ್ರೂ 'ಬತ್ತಾರೆ, ಬತ್ತಾರೆ' ಅಂತ ಕೈ ಅಡ್ಡ ಇಡ್ತಿದ್ದೆ. ಬಸ್ಸು ಒಂಟ ಮ್ಯಾಲೂ ಒಂದೂಟದ ದಾರಿಗಂಟ ನಿನ್ ಸೀಟು ಕಾದೆ. ಆಮೇಲೆ ಬೆನ್ನಿಗೆ ಮಗು ಕಟ್ಕಂಡೋಳು ಒಬ್ಳು ಬಸ್ಸತ್ತುದ್ಲು, ಬುಟ್ಕೊಟ್ಟೆ."

ಮುಕ್ತಿನಾಥದ ದಾರಿಯಲ್ಲಿ ಅವಳು ನನಗೊಂದು ಸೀಟು ಕಾದಿದ್ದಳು. ಮಳವಳ್ಳಿಯ ದಾರಿಯಲ್ಲಿ ನಾನು ಅವಳನ್ನು ನಿಲ್ಲಿಸಿದ್ದೆ.

"ಮತ್ತೆ ಇನ್ನೊಂದ್ ಸಲ ಯಾಕೆ ಕರೀಲಿಲ್ಲ ನನ್ನ?" ಎಂದೆ.

"ನೀನು ಮೇಡಮ್ಮು. ಬ್ಯಾಡ ಅಂದ್ರೆ ಬ್ಯಾಡ ಅಂತ್ಲೇ ಅರ್ಥ ಅನ್ಕಂಡೆ ಕಣೇ" ಎಂದಳು.

ಅವಳ ನೀಲಿ ಕರ್ಚೀಫನ್ನು ನನ್ನ ಚೀಲದಿಂದ ತೆಗೆದು, ಮಡಿಸಿ, ಮತ್ತೆ ಒಳಗೆ ಇಟ್ಟುಕೊಂಡೆ. ಬೆಳಗ್ಗೆಗೆ ಬೇಕಲ್ಲ. ಮದ್ದೂರು ಹತ್ತಿರವಾಗುತ್ತಿತ್ತು. ಪುಟ್ಟಲಕ್ಷ್ಮಿ ಚೀಲ ಹೆಗಲಿಗೇರಿಸುತ್ತಾ, "ಬಾವ ಬರೋ ವರ್ಷ ಭೂತಾನ್ ಅಂತಾವ್ರೆ. ಅಲ್ಲೂ ಬರೀ ಬೆಟ್ಟವಂತೆ, ಬಸ್ಸಂತೆ…" ಎಂದಳು.

"ಬತ್ತೀನಿ" ಎಂದೆ.

ಅವಳು ತಿರುಗಿ ನನ್ನ ಮುಖವನ್ನೇ ನೋಡಿದಳು.

"ಲೇ, ಇನ್ನೂ ಕರ್ದೇ ಇಲ್ವಲ್ಲೇ!"