ವಿಮಾನದ ಮೂತಿಗೆ ಕುಂಕುಮ

ಗೆಳೆಯಾರ, ಇವತ್ತ ನನ್ನ ವಿಮಾನಕ್ಕ ಪೂಜಿ ಆತು. ಮಾಡಿದಾಕಿ ನಾ ಅಲ್ಲ.

ಗಾಬರಿ ಆಗಬ್ಯಾಡ್ರಿ, ಅಂಗೈಯಷ್ಟ ಪ್ಲಾಸ್ಟಿಕ್ ವಿಮಾನ. ಬಿಡಿಭಾಗ ಅಂಟಿಸಿ, ಅಂಟಿದ ಗೆರಿ ಎಲ್ಲಾ ಪಾಲಿಶ್ ಪೇಪರ್‌ಲೆ ತಿಕ್ಕಿ, ಕೈಯಾನ ಜಿಡ್ಡು ಹತ್ತಿದ್ರ ಬಣ್ಣ ಹಿಡಿಯೂದಿಲ್ಲಂತ ಸೋಪಿನ ನೀರಾಗ ತೊಳದು, ನಮ್ಮ ಟಿಳಕವಾಡಿ ಮನಿ ಕಿಟಕ್ಯಾಗ ಒಣಗಾಕ ಇಟ್ಟಿದ್ದೆ. ಸಂಜಿಕ ಬಣ್ಣ ಹೊಡಿಯೂದಿತ್ತು. ಪ್ಯಾಟಿಗೆ ಹೋಗಿ ಬರೂದ್ರಾಗ ಅದರ ಮೂತಿಗೆ ಕುಂಕುಮ, ಅದೂ ಎಣ್ಣ್ಯಾಗ ಕಲಸಿದ್ದು!

ಖಾನಾಪುರದಿಂದ ಬಂದ ನಮ್ಮತ್ತಿ ಕೆಲಸ.

"ಅತ್ತಿ, ಇದೇನ್ ಮಾಡಿದ್ರಿ!" ಅಂತ ಚೀರಿದೆ.

"ಅಗ ಬಾಯಿ, ಮನಿಗೆ ಹೊಸಾ ಗಾಡಿ ಬಂದ್ರ ಪೂಜಿ ಮಾಡ್ದ ಬಿಡ್ತಾರೇನು?" ಅಂತ ಮರಾಠಿ ಬೆರೆಸಿ ಅಂದ್ರು.

ಜಗಳಕ್ಕ ಬಾಯಿ ತಗದಾಕಿ ಸೋಪು ತರಾಕ ಹೋದೆ. ನನ್ನ ಮದವಿ ಆದಾಗಿಂದ ನಾ ಮಾಡೂ ಇಂಥಾ ವಿಮಾನಗಳನ್ನೆಲ್ಲಾ "ಸಣ್ಣ ಹುಡುಗರ ಆಟಗಿ" ಅಂತ ಮೂಗು ಮುರೀತಿದ್ರು. ಇವತ್ತ ಮೊದಲನೇ ಸಲ ಗಾಡಿ ಅಂದಾರ.

ಈಗ ಮತ್ತ ಸೋಪು ಹಚ್ಚಿ ತೊಳಿಯಾಕತ್ತೇನಿ. ಬಾಜೂಕ ಕುಂತ ಅತ್ತಿ, "ಬಣ್ಣ ಒಣಗಿದ ಮ್ಯಾಲ ಗಾಲಿ ಬುಡಕ ಲಿಂಬಿಹಣ್ಣ ಇಟ್ಟು ಹಾಯಿಸೂಣು" ಅನ್ನಾಕತ್ತಾರ. ಹೂಂ ಅಂದೇನಿ. ಗಾಲಿ ಖರೇ ಅಂದ್ರ ಲಿಂಬಿ ಬೀಜದಷ್ಟ ಅದಾವು. ಯಾರ ಮ್ಯಾಲ ಯಾರು ಹಾಯ್ತಾರೋ ನೋಡೂಣು.