ಯಲವಿಗಿಯ ಆಚೆಯ ಗೋಬರ್ ಗ್ಯಾಸ್ ಒಲೆ

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಸವಣೂರಿನಲ್ಲಿ ಗೋಬರ್ ಗ್ಯಾಸ್ ಸೂಪರ್‌ವೈಸರ್ ಆಗಿದ್ದೆ. ಹಳ್ಳಿಯ ಮನೆಗಳ ಹಿತ್ತಲಲ್ಲಿ ಬಾವಿಯಂಥ ಗುಂಡಿ ಕಟ್ಟಿಸಿ, ಸೆಗಣಿ ನೀರು ತುಂಬಿಸಿ, ಮೇಲೆ ಕಬ್ಬಿಣದ ಡ್ರಮ್ಮು ಬೋರಲು ಹಾಕಿಸುವುದು ನನ್ನ ಕೆಲಸ. ಅಲ್ಲಿಂದ ಅಡುಗೆಮನೆಯ ಒಲೆಯವರೆಗೆ ಪೈಪು ಎಳೆಸುತ್ತಿದ್ದೆ. ಆಮೇಲೆ ಒಲೆ ಹತ್ತದಿದ್ದರೆ ಹೋಗಿ ನೋಡುವವನೂ ನಾನೇ.

ನಮ್ಮದು ಹಿರೇಕೆರೂರಿನ ವೈಷ್ಣವರ ಮನೆ. ಅಪ್ಪ ಶಾಲೆಯಲ್ಲಿ ಸಂಸ್ಕೃತ ಕಲಿಸುತ್ತಿದ್ದರು. ಮಗ ಸೆಗಣಿಯಲ್ಲಿ ಕೈ ಹಾಕುತ್ತಾನೆಂದು ಬಂಧುಗಳಿಗೆ ಹೇಳಲು ಅವರಿಗೆ ಸಂಕೋಚ. ಕೇಳಿದವರಿಗೆಲ್ಲ 'ಕೃಷಿ ಖಾತೆಯಲ್ಲಿದ್ದಾನೆ' ಅನ್ನುತ್ತಿದ್ದರು. ನನಗೆ ಬರೆಯುವ ಕಾಗದದಲ್ಲೂ 'ನಿನ್ನ ಖಾತೆ ಹೇಗಿದೆ' ಎಂದೇ ಇರುತ್ತಿತ್ತು. ಸವಣೂರಿನಲ್ಲಿ ನಾನು ಬಾಡಿಗೆಗಿದ್ದ ಕೋಣೆ ದೂರದ ಬಳಗದವರೊಬ್ಬರ ಮನೆಯದು. ಆ ಮನೆಯ ಹಿರಿಯಾಕೆ ಸಂಜೆ ನನ್ನ ಸೈಕಲ್ಲಿನ ಸಪ್ಪಳ ಕೇಳಿದ ಕೂಡಲೇ ಒಳಗಿನಿಂದಲೇ, "ಮೊದಲ ಸ್ನಾನಾ ಮಾಡಪಾ, ಆಮ್ಯಾಲ ಮೆಟ್ಟಲಾ ಏರು" ಅನ್ನುತ್ತಿದ್ದರು. ದಿನಕ್ಕೆ ಅವರು ನನ್ನೊಡನೆ ಆಡುತ್ತಿದ್ದ ಮಾತು ಅದೊಂದೇ. ಊಟ ಖಾನಾವಳಿಯಲ್ಲಿ. ಭಾನುವಾರ ಇಡೀ ದಿನ ಬಾಯಿ ಬಿಡದೆ ಕಳೆದದ್ದುಂಟು. ಸೋಮವಾರ ಚಹಾದಂಗಡಿಯಲ್ಲಿ ಮಾತಾಡಲು ಹೋದರೆ ದನಿ ಗೊಗ್ಗರಾಗಿ ಹೊರಡುತ್ತಿತ್ತು.

ಯಲವಿಗಿಯ ರೈಲು ಗೇಟು ದಾಟಿ ಎರಡು ಮೈಲಿ ಹೋದರೆ ಒಂದು ಮುಸಲ್ಮಾನರ ಒಕ್ಕಲು ಮನೆ ಇತ್ತು. ನಲವತ್ತರ ಆಸುಪಾಸಿನ ಹೆಣ್ಣುಮಗಳು. ಗಂಡ ತೀರಿಕೊಂಡು ಆರು ವರ್ಷವಾಗಿತ್ತು. ಮಾವನನ್ನೂ ನಾಲ್ಕು ಎಮ್ಮೆಗಳನ್ನೂ ಹೊಲವನ್ನೂ ಅವಳೇ ನೋಡಿಕೊಳ್ಳುತ್ತಿದ್ದಳು. ನಾನು ಅವಳನ್ನು ಅಕ್ಕಾರ ಅನ್ನುತ್ತಿದ್ದೆ, ಮಾವನನ್ನು ಚಾಚಾ. ಚಾಚಾಗೆ ದಮ್ಮು. ಕಟ್ಟಿಗೆಯ ಹೊಗೆ ಅವರಿಗೆ ಆಗುತ್ತಿರಲಿಲ್ಲ. ಆ ಮನೆಯಲ್ಲಿ ಗೋಬರ್ ಗ್ಯಾಸ್ ಹಾಕಿಸಿದ್ದೇ ಆ ಕಾರಣಕ್ಕೆ.

ಗುಂಡಿ ತುಂಬಿಸಿ ಮೂರು ವಾರವಾದ ಮೇಲೆ ಆಫೀಸಿಗೆ ಒಂದು ಕಾರ್ಡು ಬಂತು. ಚಾಚಾ ಯಾರಿಂದಲೋ ಬರೆಸಿದ್ದರು: 'ಡ್ರಮ್ಮು ಮ್ಯಾಲ ಬಂದೈತಿ, ಒಲಿ ಹತ್ತವಲ್ದು, ಲಗೂನ ಬರಬೇಕು.' ಹೋಗಿ ನೋಡಿದೆ. ಹೊಸ ಗುಂಡಿಯಲ್ಲಿ ಮೊದಲು ಹುಟ್ಟುವ ಗಾಳಿ ಉರಿಯುವುದಿಲ್ಲ. ಅದನ್ನು ಪೂರ್ತಿ ಹೊರಗೆ ಬಿಟ್ಟು, ಡ್ರಮ್ಮು ಎರಡನೆಯ ಸಲ ಏಳುವವರೆಗೆ ಕಾಯಬೇಕು. ಹಾಗೆಂದು ಹೇಳಿ, ಡ್ರಮ್ಮಿನ ನೆತ್ತಿಯ ನಲ್ಲಿ, ಅಂದರೆ ಕಾಕು, ತಿರುಗಿಸಿ ಗಾಳಿ ಬಿಟ್ಟೆ. ಡ್ರಮ್ಮು ಮೆಲ್ಲಗೆ ಕೆಳಗಿಳಿಯುವುದನ್ನು ಅಕ್ಕ ಅನುಮಾನದಿಂದ ನೋಡುತ್ತ ನಿಂತಿದ್ದಳು.

ಚಾಚಾ ಮಾತ್ರ ಪಡಸಾಲೆಯ ಹೊರಸಿನ ಮೇಲಿಂದ ಕರೆದರು. "ತಮ್ಮಾ, ಬಿಸಲಾಗ ಯಾಕ ನಿಂತಿ? ಬಾ ಇಲ್ಲಿ, ಕುಂದ್ರು. ಉಂಡಿಯೇನು?"

ಉಂಡೆಯಾ ಎಂದು ಆ ವರ್ಷ ನನ್ನನ್ನು ಕೇಳಿದವರು ಅವರೊಬ್ಬರೇ. ಉಂಡೇನಿ ಎಂದು ಸುಳ್ಳು ಹೇಳಿ ಕೂತೆ. ಚಾಚಾ ಚಿಕ್ಕಂದಿನಲ್ಲಿ ಯಲವಿಗಿ ಸ್ಟೇಷನ್ನಿಗೆ ವೀಳ್ಯದೆಲೆಯ ಪೆಂಡಿ ಸಾಗಿಸುತ್ತಿದ್ದ ಕಥೆ ಹೇಳಿದರು. ನಮ್ಮ ಅಪ್ಪ ಏನು ಮಾಡುತ್ತಾರೆ, ತಂಗಿಯ ಲಗ್ನ ಆಯಿತೇ, ನನಗೆ ರಾತ್ರಿ ನಿದ್ದೆ ಬರುತ್ತದೆಯೇ ಎಂದೆಲ್ಲ ಕೇಳಿದರು. ನಾನು ಒಂದೊಂದಕ್ಕೂ ಬೇಕಾದದ್ದಕ್ಕಿಂತ ಉದ್ದದ ಉತ್ತರ ಕೊಟ್ಟೆ. ಅಕ್ಕ ಚಹಾ ತಂದಿಟ್ಟು, "ನಮ್ಮ ಮನ್ಯಾಗ ನಡೀತೈತೇನ್ರಿ ನಿಮಗ?" ಎಂದಳು. "ನಡೀತದ್ರಿ" ಅಂದೆ. ನಮ್ಮವರು ಆ ಮನೆಯಲ್ಲಿ ನೀರೂ ಮುಟ್ಟುತ್ತಿರಲಿಲ್ಲ. ನಾನು ಎರಡು ಬಟ್ಟಲು ಕುಡಿದೆ.

ಹತ್ತು ದಿನಕ್ಕೆ ಇನ್ನೊಂದು ಕಾರ್ಡು ಬಂತು. ಈ ಸಲ ಕಡ್ಡಿ ಗೀರಿದರೆ ಒಲೆ ಭಕ್ ಎಂದು ಹತ್ತಿ, ಎರಡು ಸಲ ಬಿಕ್ಕಿ, ಆರಿಹೋಯಿತು. ಮತ್ತೆ ಗೀರಿದೆ, ಮತ್ತೆ ಹಾಗೆಯೇ. ಗಾಳಿ ಈಗ ಉರಿಯುವಂಥದ್ದೇ, ಆದರೆ ತಡೆತಡೆದು ಬರುತ್ತಿತ್ತು. ಒಲೆಯ ತೂತು ಸ್ವಚ್ಛ ಇತ್ತು. ಪೈಪು ಹಿಡಿದುಕೊಂಡು ಹಿತ್ತಲಿಗೆ ಹೋದೆ. ಕೊಟ್ಟಿಗೆಯ ಗೋಡೆಯ ಮೂಲೆಯಲ್ಲಿ ಪೈಪು ಹಿಡಿದಿಟ್ಟ ಪಟ್ಟಿ ಕಿತ್ತುಬಂದು, ಪೈಪು ಗೇಣುದ್ದ ಜೋತುಬಿದ್ದಿತ್ತು. ನಟ್ಟು ಬಿಚ್ಚುವ ಪಾನಾ ಚೀಲದಿಂದ ತೆಗೆದು ಮೆಲ್ಲಗೆ ಬಡಿದೆ. ಒಳಗೆ ನೀರು ಗುಳುಗುಟ್ಟಿತು. ಗ್ಯಾಸಿನ ಪಸೆ ತಣ್ಣಗಾಗಿ ನೀರಾಗಿ ಆ ಜೋಲಿನಲ್ಲಿ ನಿಂತು, ಹಾದಿ ಕಟ್ಟಿತ್ತು. ಜೋಡಣೆ ಸಡಿಲಿಸಿ ನೀರು ಚೆಲ್ಲಿ, ಪಟ್ಟಿ ಮತ್ತೆ ಬಡಿದರೆ ಮುಗಿಯಿತು. ಪಾನಾ ಕೈಯಲ್ಲೇ ಇತ್ತು, ಜೋಡಣೆಗೆ ಹಾಕಿದೆ.

ಅಷ್ಟರಲ್ಲಿ ಪಡಸಾಲೆಯಿಂದ ಚಾಚಾ ಕೂಗಿದರು: "ತಮ್ಮಾ, ಮೊದಲ ಬಂದ ಕುಂದ್ರು. ಒಲಿ ಎಲ್ಲಿ ಓಡಿಹೊಕ್ಕೈತಿ!"

ನಾನು ಜೋಡಣೆಗೆ ಹಾಕಿದ್ದ ಪಾನಾ ತೆಗೆದೆ. ಇದು ಸರಿಹೋದರೆ ಈ ಮನೆಗೆ ಮತ್ತೆ ಬರುವ ಕಾರಣವಿರುವುದಿಲ್ಲ ಎಂಬುದು ಆಗ ಹೊಳೆಯಿತು. ಒಂದು ತಾಸು ಮಾತಾಡಿ, ಎದ್ದು ಹೊರಡುವಾಗ ಅಕ್ಕನಿಗೆ ಹೇಳಿದೆ: "ಇನ್ನೂ ಹಳೇ ಗಾಳಿ ಉಳದದ್ರಿ. ಎಂಟ ದಿನಾ ನೋಡೋಣ. ನಾನ ಬರ್ತೇನಿ."

"ಎಂಟ ದಿನಾ ಆಗತೈತೇನ್ರಿ?" ಎಂದಳು.

"ಆಗತದ್ರಿ."

ಸೈಕಲ್ ತುಳಿಯುತ್ತ ಗೇಟಿನ ಹತ್ತಿರ ಬಂದಾಗ ಹರಿಹರದ ಕಡೆಯ ಗಾಡಿ ಹೋಗುವುದಿತ್ತು. ಗೇಟು ಹಾಕಿತ್ತು. ಕಾಯುತ್ತ ನಿಂತವನಿಗೆ ಆ ದಿನ ಬೇಸರವೆನಿಸಲಿಲ್ಲ. ಮುಂದಿನ ವಾರ ಒಂದು ಮನೆಗೆ ಹೋಗುವುದಿದೆ ಎಂಬ ಸಮಾಧಾನ ಇತ್ತು. ಮಾಡಿದ್ದು ತಪ್ಪು ಎಂದೂ ಆಗ ಅಷ್ಟಾಗಿ ಅನಿಸಲಿಲ್ಲ.

ಎಂಟನೆಯ ದಿನ ಇಸ್ತ್ರಿ ಮಾಡಿಸಿದ ಅಂಗಿ ತೊಟ್ಟು ಹೋದೆ. ಪಡಸಾಲೆಯಲ್ಲಿ ಹೊರಸು ಖಾಲಿ ಇತ್ತು. ಅಡುಗೆಮನೆಯ ತುಂಬ ಹೊಗೆ. ಅಕ್ಕ ಹಸಿ ಕಟ್ಟಿಗೆ ಊದುತ್ತ ಕೂತಿದ್ದಳು, ಕಣ್ಣು ಕೆಂಪಗೆ.

"ಚಾಚಾ ಎಲ್ಲೆರಿ?"

"ಮೊನ್ನೆ ಉಸಿರ ಹಿಡದಂಗಾತ್ರಿ. ಚಕ್ಕಡ್ಯಾಗ ಹಾಕ್ಕೊಂಡು ಸವಣೂರ ದವಾಖಾನಿಗೆ ಒಯ್ದಿದ್ವಿ. ನಿನ್ನೆ ಕರ್ಕೊಂಡ ಬಂದೇವಿ. ಒಳಗ ಮಲಗ್ಯಾರ."

ಬಾಗಿಲ ಆಚೆಯಿಂದ ಅವರ ಎದೆಯ ಸಪ್ಪಳ ಕೇಳುತ್ತಿತ್ತು. ಸಣ್ಣ ಸೀಟಿ ಊದಿದ ಹಾಗೆ, ಉಸಿರು ಒಳಗೆ ಹೋಗುವಾಗ ಒಂದು, ಬರುವಾಗ ಒಂದು. ನಾನು ಒಳಗೆ ಹೋಗಿ ಅವರ ಮುಖ ನೋಡಲಿಲ್ಲ. ನೆಟ್ಟಗೆ ಹಿತ್ತಲಿಗೆ ಹೋಗಿ ಕಾಕು ಬಂದ್ ಮಾಡಿದೆ, ಜೋಡಣೆ ಬಿಚ್ಚಿದೆ. ಒಂದು ತಂಬಿಗೆಯಷ್ಟು ನಾರುವ ನೀರು ನನ್ನ ಅಂಗಿಯ ಮೇಲೆ ಸುರಿಯಿತು. ಸಣಬಿನ ಎಳೆ ಸುತ್ತಿ ಜೋಡಣೆ ಬಿಗಿದು, ಪೈಪು ಎತ್ತಿ, ಪಟ್ಟಿ ಬಡಿದೆ. ಒಳಗೆ ಬಂದು ಕಡ್ಡಿ ಗೀರಿದೆ. ಒಲೆ ಹತ್ತಿತು. ನೀಲಿ ಉರಿ ದುಂಡಗೆ ನಿಂತು, ಅಲುಗಾಡದೆ ಉರಿಯಿತು.

ಅಕ್ಕ ಉರಿಯನ್ನು ನೋಡಿದಳು, ಆಮೇಲೆ ನನ್ನನ್ನು.

"ಹತ್ತ ನಿಮಿಷದ ಕೆಲಸ ಐತಲ್ರಿ ಇದು."

"ಹೌದ್ರಿ."

"ಹ್ವಾದ ವಾರ ಗೊತ್ತಾಗಲಿಲ್ಲೇನ್ರಿ?"

ಗೊತ್ತಾಗಲಿಲ್ಲ ಅನ್ನಬಹುದಿತ್ತು. ಅವಳು ನಂಬುತ್ತಿದ್ದಳು. ಬಾಗಿಲ ಆಚೆಯ ಸಪ್ಪಳ ನಿಂತಿರಲಿಲ್ಲ. "ಗೊತ್ತಾಗಿತ್ರೀ ಅಕ್ಕಾರ" ಅಂದೆ.

"ಮತ್ತ?"

"ಮತ್ತ ಬರಲಿಕ್ಕೆ ನನಗೊಂದು ನೆವ ಬೇಕಾಗಿತ್ರಿ."

ಅವಳು ಕಟ್ಟಿಗೆಯ ಒಲೆಗೆ ನೀರು ಚಿಮುಕಿಸಿ ಆರಿಸಿದಳು. ಹೊಗೆ ಎದ್ದು ಇಬ್ಬರಿಗೂ ಕೆಮ್ಮು ಬಂತು. ಆಮೇಲೆ, "ನೆವ ಯಾಕ ಬೇಕಾಗಿತ್ರಿ? ಬರ್ತೇನಿ ಅಂದಿದ್ರ ಬ್ಯಾಡ ಅಂತಿದ್ವೇನು?" ಎಂದಳು. ದನಿಯಲ್ಲಿ ಸಿಟ್ಟು ಇತ್ತು. "ನಾಕ ದಿನಾ ಆ ಮುದುಕ ಗ್ವಾಡಿಗೆ ಬೆನ್ನ ಹಚ್ಚಿ ಕುಂತು ರಾತ್ರಿ ಕಳದಾನ. ಮಲಗಾಕ ಬರ್ತಿದ್ದಿಲ್ಲ."

ಕೈ ಸೆರಗಿಗೆ ಒರೆಸಿಕೊಂಡು ಅವಳು ಹಿತ್ತಲ ಬಾಗಿಲಿಗೆ ನಡೆದಳು.

"ನಡೀರಿ, ತೋರಸ್ರಿ ನನಗ. ಹೆಂಗ ಬಿಚ್ಚೂದು, ಹೆಂಗ ಬಿಗಿಯೂದು."

ಹಿತ್ತಲಲ್ಲಿ ಅವಳ ಕೈಗೆ ಪಾನಾ ಕೊಟ್ಟೆ. ಸೆರಗು ಸೊಂಟಕ್ಕೆ ಸಿಕ್ಕಿಸಿ ಎರಡು ಸಲ ಬಿಚ್ಚಿದಳು, ಎರಡು ಸಲ ಬಿಗಿದಳು. ಎರಡನೆಯ ಸಲ ನಾನು ಏನೂ ಹೇಳಬೇಕಾಗಲಿಲ್ಲ. ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುವುದೋ ಎಂದು ನೋಡುವುದನ್ನೂ ಕಲಿಸಿದೆ. ಪಾನಾ ಅಲ್ಲೇ ಬಿಟ್ಟು ಬಂದೆ. ಆ ದಿನ ಅವಳು ಚಹಾ ಮಾಡಲಿಲ್ಲ, ನಾನೂ ಕಾಯಲಿಲ್ಲ.

ಆ ಮನೆಯಿಂದ ಮತ್ತೆ ಕಾರ್ಡು ಬರಲಿಲ್ಲ. ಮಳೆಗಾಲ ಕಳೆಯಿತು. ನಾನು ಶಿಗ್ಗಾವಿ ಕಡೆಯ ಹಳ್ಳಿಗಳಲ್ಲಿ ಹೊಸ ಗುಂಡಿ ಕಟ್ಟಿಸುತ್ತ ತಿರುಗಿದೆ. ಯಾವ ಮನೆಯಲ್ಲೂ ಕೆಲಸಕ್ಕೆ ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಕೂರಲಿಲ್ಲ. ಚಹಾ ಕೊಟ್ಟರೆ ನಿಂತೇ ಕುಡಿದು ಹೊರಡುತ್ತಿದ್ದೆ. ಸಂಜೆ ಕೋಣೆಗೆ ಬಂದು, ಸ್ನಾನ ಮಾಡಿ, ಮೆಟ್ಟಿಲೇರಿ, ಕಿಟಕಿಯ ಬಳಿ ಕೂತರೆ ಚಾಚಾರ ಎದೆಯ ಆ ಸೀಟಿ ಕಿವಿಯಲ್ಲಿ ಊದುತ್ತಿತ್ತು. ಅಪ್ಪನಿಗೆ ಕಾಗದ ಬರೆಯಲು ಕೂತು, ಇದನ್ನು ಬರೆಯಲಾಗದೆ, ಖಾತೆಯ ಕೆಲಸ ಚೆನ್ನಾಗಿದೆ ಎಂದು ಬರೆದೆ.

ಚಳಿಗಾಲದಲ್ಲಿ ಸವಣೂರಿನ ಸಂತೆಯಲ್ಲಿ ಯಾರೋ ನನ್ನ ಭುಜ ಹಿಡಿದರು. ಚಾಚಾ. ಮಫ್ಲರು ಸುತ್ತಿಕೊಂಡಿದ್ದರು, ಮೈ ಇಳಿದುಹೋಗಿತ್ತು, ಆದರೆ ತಾವಾಗಿಯೇ ಓಡಾಡುತ್ತಿದ್ದರು.

"ಒಲಿ ಕೆಟ್ಟರಷ್ಟ ಬರತಿಯೇನು ತಮ್ಮಾ? ನನ್ನ ಸೊಸಿ ಎಲ್ಲಾ ತಾನ ರಿಪೇರಿ ಮಾಡತಾಳ ಈಗ. ಹಂಗಂತ ನೀ ಬರೂದ ಬಿಡೂದೇನು?"

ಅಕ್ಕ ಅವರಿಗೆ ಏನೂ ಹೇಳಿರಲಿಲ್ಲ.

ಮುಂದಿನ ಭಾನುವಾರ ಹೋದೆ. ಚೀಲವಿಲ್ಲ, ಪಾನಾ ಇಲ್ಲ. ಚಾಚಾಗೆ ಆಗಷ್ಟೇ ನಿದ್ದೆ ಹತ್ತಿತ್ತು. ಅಕ್ಕ ನನ್ನನ್ನು ನೋಡಿ, "ಕುಂದರ್ರಿ" ಎಂದಷ್ಟೇ ಹೇಳಿ ಹಸಿ ಕಡಲೆ ಬಿಡಿಸುವುದನ್ನು ಮುಂದುವರಿಸಿದಳು. ಕೈಗೆ ಕೆಲಸವಿಲ್ಲದೆ ಒಬ್ಬರ ಮನೆಯಲ್ಲಿ ಹೇಗೆ ಕೂರಬೇಕೆಂದು ನನಗೆ ತಿಳಿಯಲಿಲ್ಲ. ಕೈ ಎಲ್ಲಿಡಬೇಕೆಂದೂ ತಿಳಿಯಲಿಲ್ಲ. ನಾನೂ ಒಂದು ಹಿಡಿ ಕಡಲೆ ಎಳೆದುಕೊಂಡು ಬಿಡಿಸತೊಡಗಿದೆ. ಅವಳು ಬೇಡ ಅನ್ನಲಿಲ್ಲ.

ಮಜ್ಜಿಗೆಗೆ ಬಂದ ನೆರೆಮನೆಯಾಕೆ ನನ್ನನ್ನು ನೋಡಿ, "ಗ್ಯಾಸಿನವರು ಬಂದಾರಲ್ಲವಾ, ಮತ್ತ ಕೆಟ್ಟೈತೇನು?" ಎಂದು ಕೇಳಿದಳು.

"ಏನೂ ಕೆಟ್ಟಿಲ್ಲ" ಎಂದಳು ಅಕ್ಕ, ತಲೆಯೆತ್ತದೆ. "ಸುಮ್ನ ಬಂದಾರ."

ಚಾಚಾ ಎಚ್ಚರಾಗುವವರೆಗೆ ನಾವಿಬ್ಬರೂ ಕಡಲೆ ಬಿಡಿಸಿದೆವು. ಆ ಚಳಿಗಾಲ ಮುಗಿಯುವಷ್ಟರಲ್ಲಿ ನನಗೆ ಹಾನಗಲ್ಲಿಗೆ ವರ್ಗವಾಯಿತು. ಅಲ್ಲಿಯವರೆಗೆ ಇನ್ನೂ ನಾಲ್ಕೈದು ಭಾನುವಾರ ಹೋಗಿ ಬಂದೆ.